ಬಿಳಿ ಕಾರಿಗೆ ಎರೆದ ದಿನ

ಸಿಂಧು, ಚೇತನ್, ಇದನ್ನು ನೀವಿಬ್ಬರೂ ಕೂಡಿಯೇ ಓದಬೇಕು. ಒಬ್ಬರು ಓದಿ ಇನ್ನೊಬ್ಬರಿಗೆ ಅರ್ಧಂಬರ್ಧ ಹೇಳಬೇಡಿ. ನನ್ನದು ಹಳ್ಳಿ ಶಾಲೆಯ ಅಕ್ಷರ. ಗುಂಡಗೇನೋ ಇರುತ್ತದೆ, ಆದರೆ ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಮೇಲೇರುತ್ತದೆ. ಸಹಿಸಿಕೊಳ್ಳಿ.

ಹೋದ ವಾರವೆಲ್ಲ ಮನೆಯಲ್ಲಿ ಒಂದೇ ಮಾತು, ಕಾರು ತೊಳೆಯಲು ಯಾವ ಪ್ರೆಶರ್ ವಾಷರ್ ತರಬೇಕು ಎಂದು. ಚೇತನ್‌ಗೆ ನೀರಿನ ಜೋರು ಹೆಚ್ಚಿರಬೇಕು. ಸಿಂಧುಗೆ ಜೋರು ಹೆಚ್ಚಾದರೆ ಬಣ್ಣ ಎದ್ದೀತೆಂಬ ಭಯ. ಪೈಪು ಎಷ್ಟು ಉದ್ದ ಇರಬೇಕು, ನಲ್ಲಿಗೇ ಹಾಕಬೇಕೋ ಬಕೆಟ್ಟಿನಿಂದಲೂ ಎಳೆಯುತ್ತದೋ, ಮೂತಿ ತಿರುಗಿಸಿದರೆ ನೀರು ಬೀಸಣಿಗೆಯ ಹಾಗೆ ಹರಡುತ್ತದೋ ಇಲ್ಲವೋ, ಇದೇ ವಾದ. ನಾನು ಅದೇ ಮೇಜಿನ ತುದಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಅವ್ವನಿಗೆ ಬೇಸರವಾಗುತ್ತಿದೆ, ಟಿ.ವಿ. ಹಾಕಿ ಎಂದ ನಿಮ್ಮಪ್ಪ. ಬೇಸರ ಎಲ್ಲಿಂದ ಬಂತು? ಹೊಟ್ಟೆಯೊಳಗೆ ಮಾತುಗಳು ನಾ ಮುಂದು ತಾ ಮುಂದು ಎನ್ನುತ್ತಿದ್ದವು. ಆದರೆ ನನ್ನ ಮಾತು ನಾಲಿಗೆಗೆ ಬರುವ ಹೊತ್ತಿಗೆ ಎಲ್ಲರೂ ಎದ್ದು ಕೈ ತೊಳೆಯಲು ಹೋಗಿರುತ್ತಾರೆ. ಮದುವೆಯಾಗಿ ಬಂದಾಗಿನಿಂದ ನನ್ನ ಹಣೆಬರಹವೇ ಹಾಗೆ. ಅದಕ್ಕೇ ಬರೆಯಲು ಕೂತೆ.

ನಾನು ಹೇಳಬೇಕೆಂದಿದ್ದು ಇಷ್ಟೆ. ಈ ಮನೆತನಕ್ಕೆ ನೀವು ತರುವ ಕಾರು ತೊಳೆಯುವ ಯಂತ್ರ ಎರಡನೆಯದು. ಮೊದಲನೆಯದನ್ನು ಆರಿಸಿ ತಂದವಳು ನಾನು. ಅದಕ್ಕೆ ಕರೆಂಟು ಬೇಕಿರಲಿಲ್ಲ, ನಿಮ್ಮಜ್ಜನ ಬಲಗಾಲು ಬೇಕಿತ್ತು.

ನಿಮ್ಮಜ್ಜ ಬಾಡಿಗೆ ಕಾರು ಓಡಿಸುತ್ತಿದ್ದರೆಂದು ನಿಮಗೆ ಗೊತ್ತು. ಬೇರೆಯವರ ಲಾರಿ, ಬೇರೆಯವರ ವ್ಯಾನು ಓಡಿಸಿ ಓಡಿಸಿ ಸಾಕಾಗಿ, ಎಪ್ಪತ್ತರ ದಶಕದ ನಡುವೆ ಸ್ವಂತಕ್ಕೆಂದು ಒಂದು ಹಳೆಯ ಅಂಬಾಸಿಡರ್ ಕೊಂಡರು. ಬಿಳಿ ಬಣ್ಣದ್ದು. ಆಗ ನಾವು ಈ ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲಿರಲಿಲ್ಲ, ಮಂಡಕ್ಕಿ ಭಟ್ಟಿಗಳ ಹಿಂದಿನ ಒಂದು ಓಣಿಯಲ್ಲಿ ಬಾಡಿಗೆಗಿದ್ದೆವು. ಭಟ್ಟಿಯಲ್ಲಿ ಭತ್ತದ ಹೊಟ್ಟು ಉರಿದ ಬೂದಿಯೆಲ್ಲ ನಮ್ಮ ಓಣಿಗೇ ಬರುತ್ತಿತ್ತು. ಬೆಳಗ್ಗೆ ರಂಗೋಲಿ ಹಾಕಲು ಬಂದವಳು ಕಾರಿನ ಬಾನೆಟ್ಟಿನ ಮೇಲೆ ಬೆರಳಿನಿಂದ ಒಂದು ಎಳೆ ಎಳೆದು ನೋಡುತ್ತಿದ್ದೆ. ನೆಲಕ್ಕಿಂತ ಅಲ್ಲೇ ರಂಗೋಲಿ ಚೆನ್ನಾಗಿ ಮೂಡುತ್ತಿತ್ತು.

ಅದು ಬೂದಿಯ ಮಾತಾಯಿತು. ಮಳೆಗಾಲದಲ್ಲಿ ಮಲೆಬೆನ್ನೂರಿನ ಕಡೆ ಬಾಡಿಗೆ ಹೋಗಿ ಬಂದರೆ ಕೆಸರಿನ ಮಾತೇ ಬೇರೆ. ಗದ್ದೆ ಬದಿಯ ಎರೆಮಣ್ಣು ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಗೆ ಹೊಕ್ಕು ಗಾರೆ ಹಾಕಿದ ಹಾಗೆ ಕೂತುಬಿಡುತ್ತಿತ್ತು. ಸರ್ವಿಸ್ ಸ್ಟೇಷನ್ ಊರಲ್ಲಿ ಇತ್ತು, ಜೋರು ನೀರೂ ಇತ್ತು. ಆದರೆ ಅಲ್ಲಿ ಲಾರಿ ಮಾಲೀಕರ ಸಾಲು ಮುಗಿದ ಮೇಲೆ ನಮ್ಮ ಪಾಳಿ. ಹಾಗಾಗಿ ನಿಮ್ಮಜ್ಜ ಹರಿಹರಕ್ಕೆ ಹೋಗಿ ಹೊಳೆಯ ದಂಡೆಗೆ ಕಾರು ಇಳಿಸಿ, ಬಕೆಟ್ಟಿನಲ್ಲಿ ನೀರು ಎರಚಿ, ಉಜ್ಜಿ ತೊಳೆದು ಬರುತ್ತಿದ್ದರು. ಬರುವಾಗ ಅದೇ ರಸ್ತೆ, ಅದೇ ಲಾರಿಗಳು, ಅದೇ ಧೂಳು. ಮನೆ ಮುಂದೆ ಕಾರು ನಿಂತಾಗ ಅದು ತೊಳೆಯಲು ಹೋಗುತ್ತಿದೆಯೋ ತೊಳೆದುಕೊಂಡು ಬಂದಿದೆಯೋ ಹೇಳುವುದು ಕಷ್ಟವಿತ್ತು. ನಾನು ಚೊಂಬಿನಲ್ಲಿ ನೀರು ಕೊಡುತ್ತಿದ್ದೆ, ಅವರು ಕಾರಿಗೆ ಬೆನ್ನು ಮಾಡಿ ಕುಡಿಯುತ್ತಿದ್ದರು.

ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ. ದಿನದ ಬಾಡಿಗೆ ಹೊಟ್ಟೆಗೆ ಸರಿಹೋಗುತ್ತಿತ್ತು. ಕಾರು ಕೈಯಲ್ಲಿ ಉಳಿಯಬೇಕಾದರೆ ಮದುವೆ ಬಾಡಿಗೆ ಬೇಕು. ಕೊಳಕು ಕಾರಿನಲ್ಲಿ ಯಾರೂ ಮದುಮಗಳನ್ನು ಕೂರಿಸುವುದಿಲ್ಲ.

ಈಗ ನನ್ನ ತವರಿಗೆ ಸ್ವಲ್ಪ ಹೋಗಿ ಬರೋಣ. ಮಲೆಬೆನ್ನೂರಿನ ಹತ್ತಿರದ ಹಳ್ಳಿ, ಎಲ್ಲಿ ನೋಡಿದರೂ ಭತ್ತ. ಬೆಳೆಗೆ ಔಷಧಿ ಹೊಡೆಯಲು ನಮ್ಮಪ್ಪ ಒಂದು ಕಾಲಿನ ಪಂಪು ತಂದಿದ್ದ. ಕಬ್ಬಿಣದ ಚೌಕಟ್ಟು, ನಡುವೆ ನಿಲ್ಲಿಸಿದ ಹಿತ್ತಾಳೆ ಕೊಳವೆ, ಪಕ್ಕದಲ್ಲಿ ತುಳಿಯುವ ಮೆಟ್ಟು. ಒಂದು ಪೈಪು ಬಕೆಟ್ಟಿನೊಳಗೆ. ಇನ್ನೊಂದು ಉದ್ದ ಪೈಪಿನ ತುದಿಗೆ ಹಿತ್ತಾಳೆಯ ಕೋಲು, ಆ ಕೋಲಿಗೊಂದು ತಿರುಗಿಸುವ ಮೂತಿ. ಒಬ್ಬರು ಬದುವಿನ ಮೇಲೆ ನಿಂತು ತುಳಿಯುತ್ತಿರಬೇಕು, ಇನ್ನೊಬ್ಬರು ಕೋಲು ಹಿಡಿದು ಗದ್ದೆಯೊಳಗೆ ನಡೆಯಬೇಕು. ಶಾಲೆ ಬಿಟ್ಟು ಬಂದ ಮೇಲೆ ತುಳಿಯುವ ಕೆಲಸ ನನ್ನದು. ಮಗ್ಗಿ ಒಪ್ಪಿಸುತ್ತ ತುಳಿಯುತ್ತಿದ್ದೆ. ಮಗ್ಗಿ ತಪ್ಪಿದರೆ ತುಳಿತ ತಪ್ಪುತ್ತಿತ್ತು, ಗದ್ದೆಯೊಳಗಿಂದ ಅಪ್ಪನ ಬೈಗುಳ ಬರುತ್ತಿತ್ತು. ಮೇಷ್ಟರಿಗಿಂತ ಆ ಪಂಪೇ ನನಗೆ ಹೆಚ್ಚು ಲೆಕ್ಕ ಕಲಿಸಿತು.

ಆ ಪಂಪನ್ನು ಅವ್ವ ಹಿತ್ತಲ ಗೋಡೆಗೆ ಒರಗಿಸಲೂ ಬಿಡುತ್ತಿರಲಿಲ್ಲ. ವಿಷ ಕುಡಿದ ವಸ್ತು ಮನೆಯ ಹತ್ತಿರ ಬೇಡ ಎಂಬುದು ಅವಳ ಕಟ್ಟಪ್ಪಣೆ. ಕೆಲಸ ಮುಗಿದ ಮೇಲೆ ಅಪ್ಪ ಕಾಲುವೆಯ ಹತ್ತಿರವೇ ಅದನ್ನು ಬೇರೆ ಬಕೆಟ್ಟಿನ ಬರೀ ನೀರಿನಿಂದ ತೊಳೆಯುತ್ತಿದ್ದ. ಕೊನೆಗೆ ಹೊರಬರುವ ನೀರನ್ನು ಗಾಡಿಯ ಗಾಲಿಗೆ ಹಿಡಿಯುತ್ತಿದ್ದ. ಒಣಗಿ ಕಲ್ಲಾದ ಎರೆಮಣ್ಣು ಹಪ್ಪಳ ಹಪ್ಪಳವಾಗಿ ಹಾರುತ್ತಿತ್ತು. ಅದನ್ನು ನೋಡಲಿಕ್ಕೆಂದೇ ಕಾಲು ನೋಯುವವರೆಗೂ ತುಳಿಯುತ್ತಿದ್ದೆ.

ಈ ವಿಷಯ ನಿಮ್ಮಜ್ಜನಿಗೆ ಹೇಳಲು ನನಗೆ ಒಂದು ಇಡೀ ಮಳೆಗಾಲ ಹಿಡಿಯಿತು. ಕೊನೆಗೂ ಹೇಳಿದಾಗ ಅವರು ತುತ್ತು ಕೈಯಲ್ಲೇ ಹಿಡಿದು ನಕ್ಕರು.

"ಕಾರಿಗೇನ್ ಹುಳ ಬಿದ್ದೈತಾ, ಔಷಧಿ ಹೊಡಿಯಾಕ?"

ನಾನು ಸಾರು ಬಡಿಸಿ ಒಳಗೆ ಹೋದೆ. ಆದರೆ ಆ ಮನುಷ್ಯ ನಕ್ಕ ಮಾತನ್ನು ಆಮೇಲೆ ಒಬ್ಬರೇ ಕೂತು ಯೋಚಿಸುವ ಜಾತಿ. ಆ ವಾರವೇ ಮತ್ತೆ ಹರಿಹರದಿಂದ ಧೂಳು ತುಂಬಿಕೊಂಡು ಬಂದವರು, ಸೀರೆ ಬದಲಿಸು, ಪೇಟೆಗೆ ಹೋಗೋಣ ಎಂದರು.

ಪೇಟೆಯಲ್ಲಿ ದಾದಾಪೀರ್ ಸಾಬರದು ಪಂಪು ಮಾರುವ, ರಿಪೇರಿ ಮಾಡುವ ಸಣ್ಣ ಅಂಗಡಿ. ನಾನು ನಿಮ್ಮಜ್ಜನ ಬೆನ್ನ ಹಿಂದೆ ನಿಂತೆ. ಸಾಬರು ಮೊದಲು ಬೆನ್ನಿಗೆ ಹಾಕಿಕೊಳ್ಳುವ ಡಬ್ಬಿಯ ಪಂಪು ತೋರಿಸಿದರು. ಒಬ್ಬರೇ ಹೊಡೆಯಬಹುದು ಎಂದು ನಿಮ್ಮಜ್ಜನಿಗೆ ಅದೇ ಹಿಡಿಸಿತು. ಅದು ಎಲೆಗೆ ಸರಿ, ಕೆಸರಿಗೆ ಆಗದು ಎಂದು ನಾನು ಹಿಂದಿನಿಂದ ಪಿಸುಗುಟ್ಟಿದೆ. ನಿಮ್ಮಜ್ಜ ಅದನ್ನು ಸಾಬರಿಗೆ ಹೇಳಿದರು. ಸಾಬರು ಉತ್ತರವನ್ನು ನಿಮ್ಮಜ್ಜನಿಗೆ ಕೊಟ್ಟರು. ನಿಮ್ಮಜ್ಜ ಹಿಂದೆ ತಿರುಗಿ ನನಗೆ ಹೇಳಿದರು. ಎಲ್ಲರಿಗೂ ಎಲ್ಲವೂ ಕೇಳಿಸುತ್ತಿತ್ತು, ಆದರೂ ಹೀಗೇ ಸಾಗಿತು. ಕೊನೆಗೆ ಸಾಬರೇ ಬೇಸತ್ತರು.

"ಅಕ್ಕಾರೆ, ನೀವೇ ಮುಂದ್ ಬರ್ರಿ. ನಡುವಿನ ಮನುಷ್ಯಾಗೆ ಕಮಿಷನ್ ಕೊಡಾಕ ನನ್ ಕೈಲಿ ಆಗಲ್ಲ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಿಮ್ಮಜ್ಜನೇ ಎಲ್ಲರಿಗಿಂತ ಜೋರಾಗಿ ನಕ್ಕು ಪಕ್ಕಕ್ಕೆ ಸರಿದರು. ಇನ್ನು ಅಡಗಲು ಬೆನ್ನೂ ಇಲ್ಲವಾಯಿತು. ಮುಂದೆ ಬಂದು ಕಾಲಿನ ಪಂಪು ಕೇಳಿದೆ. ಸಾಬರು ಎರಡು ಎಳೆದು ತಂದರು. ಹಳೆಯದೊಂದು, ಹೊಸದೊಂದು. ಹಳೆಯದು ಅಗ್ಗ, ಹಿತ್ತಾಳೆಯೂ ದಪ್ಪ. ನಿಮ್ಮಜ್ಜನ ಕಣ್ಣು ಅದರ ಮೇಲೆ. ನನಗೆ ನಮ್ಮವ್ವ ನೆನಪಾದಳು. ಔಷಧಿ ಕುಡಿದ ಪಂಪು ಬೇಡವೆಂದೆ. ಮದುಮಗಳು ಕೂರುವ ಕಾರು, ಓಣಿಯ ಮಕ್ಕಳು ಕೈ ಹಾಕುವ ಕಾರು. ಎಷ್ಟು ತೊಳೆದರೂ ಒಳಗೆ ಏನು ಉಳಿದಿರುತ್ತದೋ ಯಾರಿಗೆ ಗೊತ್ತು.

ಚಪ್ಪಲಿ ಬಿಟ್ಟು ಹೊಸದರ ಮೆಟ್ಟಿನ ಮೇಲೆ ಕಾಲಿಟ್ಟೆ. ಪಂಪನ್ನು ಕಣ್ಣಿನಿಂದಲ್ಲ, ಅಂಗಾಲಿನಿಂದ ಆರಿಸಬೇಕು. ಒಳ್ಳೆಯದಾದರೆ ಕೆಳಗೆ ಒತ್ತಿದಾಗ ಅದೂ ನಿಮ್ಮನ್ನು ಮೇಲಕ್ಕೆ ಒತ್ತುತ್ತದೆ, ಎಳೆಗರು ಹಣೆಯಿಂದ ನೂಕಿದ ಹಾಗೆ. ಸುಮ್ಮನೆ ಕುಸಿದರೆ ಒಳಗಿನ ಚರ್ಮದ ವಾಷರ್ ಸರಿಯಿಲ್ಲವೆಂದು ಅರ್ಥ. ಇದು ನೂಕಿತು. ಬಕೆಟ್ಟಿಗೆ ಪೈಪು ಬಿಟ್ಟು ತುಳಿದೆ. ಮೊದಲು ಕೆಮ್ಮಿತು, ಆಮೇಲೆ ನೀರು ಒಂದೇ ಗೆರೆಯಾಗಿ ಹಾರಿ ಎದುರು ಗೋಡೆಯ ಸುಣ್ಣ ಕಿತ್ತಿತು.

"ಸಾಕ್ರೀ ಅಕ್ಕಾ," ಎಂದರು ಸಾಬರು, "ಅಂಗಡಿ ನಂದಲ್ಲ, ಬಾಡಿಗಿದು."

ಪಂಪು ಮನೆಗೆ ಬಂತು. ಮನೆಯ ಹಿಂದೆ ಮೂರು ಕಡೆ ಗೋಡೆಯಿದ್ದ ಖಾಲಿ ಜಾಗವೊಂದಿತ್ತು. ಮಧ್ಯಾಹ್ನ ಓಣಿಯೆಲ್ಲ ಮಲಗಿರುವಾಗ ಅಲ್ಲಿ ಕಾರು ನಿಲ್ಲಿಸಿ ತೊಳೆಯುತ್ತಿದ್ದೆವು. ಮೊದಮೊದಲು ನಾನು ತುಳಿಯುವುದು, ಅವರು ಕೋಲು ಹಿಡಿಯುವುದು ಎಂದಾಗಿತ್ತು. ಅವರೋ ಕಾರನ್ನು ಪ್ರೀತಿಯಿಂದ ನೋಡುತ್ತ ಒಂದೇ ಕಡೆ ನೀರು ಬಿಟ್ಟುಕೊಂಡು ನಿಂತುಬಿಡುತ್ತಿದ್ದರು. ಒಂದು ದಿನ ನಾನೇ ಕೋಲು ಇಸಿದುಕೊಂಡೆ. ಆಮೇಲೆ ಅದು ನನ್ನ ಕೈ ಬಿಡಲಿಲ್ಲ. ಗಂಡನನ್ನು ಕೂಗಿ, ತುಳೀರಿ, ನಿಲ್ಲಿಸ್ರಿ ಎನ್ನಲು ನನಗೆ ನಾಚಿಕೆ. ಕೋಲಿನಿಂದ ಬಂಪರಿಗೆ ಮೆಲ್ಲಗೆ ತಟ್ಟುತ್ತಿದ್ದೆ. ಒಂದು ಸಲ ತಟ್ಟಿದರೆ ತುಳಿಯಬೇಕು, ಇನ್ನೊಂದು ಸಲ ತಟ್ಟಿದರೆ ನಿಲ್ಲಿಸಬೇಕು.

ಚೇತನ್, ನಿನ್ನ ಯಂತ್ರಕ್ಕೂ ಇದು ಹೊಂದುತ್ತದೆ, ಕೇಳು. ಮೇಲಿನಿಂದ ಶುರುಮಾಡಿ ಕೆಳಗೆ ಬರಬೇಕು. ಮಡ್‌ಗಾರ್ಡಿನ ಒಳಗೆ ಗೆರೆ ನೀರು, ಹತ್ತಿರದಿಂದ. ಬಣ್ಣದ ಮೇಲೆ ಹರಡಿದ ನೀರು, ದೂರದಿಂದ. ಗಾಜಿನ ಸುತ್ತಲಿನ ರಬ್ಬರಿಗೆ ಗುರಿಯಿಡಬಾರದು. ಎಂಜಿನ್ನಿನ ಕಡೆಗಂತೂ ಮೂತಿ ತಿರುಗಿಸಲೇಬಾರದು. ಸಿಂಧು ಹೇಳಿದ್ದು ಸರಿ, ಜೋರು ಹೆಚ್ಚಾದರೆ ಬಣ್ಣ ಏಳುತ್ತದೆ. ನಮ್ಮ ಕಾರಿನ ಎಡ ಬಾಗಿಲಿನ ಕೆಳಗೆ ಒಂದು ಸಣ್ಣ ಚಿಪ್ಪು ಎದ್ದಿತ್ತು. ಅದನ್ನು ತುಕ್ಕಿನ ಲೆಕ್ಕಕ್ಕೆ ಹಾಕಿದೆವು.

ಕಾರು ಹೊಳೆಯತೊಡಗಿತು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕೇಳಿದವರಿಗೆ ನಿಮ್ಮಜ್ಜ, ಸರ್ವಿಸ್ ಸ್ಟೇಷನ್‌ನಲ್ಲಿ ತೊಳೆಸುತ್ತೇನೆ ಎನ್ನುತ್ತಿದ್ದರು. ಹೆಂಡತಿಯ ಕೈಯಲ್ಲಿ ಕಾರು ತೊಳೆಸುತ್ತಾನೆ ಎಂದಾರೆಂಬ ಸಂಕೋಚ ಅವರಿಗೆ. ನಾನೂ ಹಾಗೆ ಹೇಳುವುದೇ ಒಳ್ಳೆಯದು ಎಂದುಕೊಂಡಿದ್ದೆ. ಆದರೆ ಊಟಕ್ಕೆ ಕೂತಾಗ ಅವರು, ಇವತ್ತು ಸ್ಟ್ಯಾಂಡಿನಲ್ಲಿ ಕಾರನ್ನು ಕನ್ನಡಿ ಎಂದರು, ಯಾವ ಸ್ಟೇಷನ್ ಎಂದು ಕೇಳಿದರು ಎಂದು ನಗುತ್ತ ಹೇಳಿದರೆ, ರೊಟ್ಟಿ ಬಡಿಯುವ ನನ್ನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಹೊಗಳಿಕೆ ನನ್ನದು. ಹೋಗಿ ಸೇರುತ್ತಿದ್ದುದು ಇಲ್ಲದ ಒಂದು ಸ್ಟೇಷನ್ನಿಗೆ. ಹೀಗೆಂದು ಯಾರಿಗೆ ಹೇಳಲಿ? ರೊಟ್ಟಿಗೇ ಇನ್ನೆರಡು ಏಟು ಹೆಚ್ಚು ಬೀಳುತ್ತಿತ್ತು.

ಹೀಗಿರುವಾಗ ಕೆ.ಬಿ. ಬಡಾವಣೆಯ ಬಟ್ಟೆ ವ್ಯಾಪಾರಿಯೊಬ್ಬರ ಮನೆಯಿಂದ ಕರೆ ಬಂತು. ಶ್ರಾವಣದಲ್ಲಿ ಮಗಳ ಮದುವೆ, ಹರಿಹರದಲ್ಲಿ. ಮದುಮಗಳನ್ನು ಕರೆದೊಯ್ಯಲು ಕಾರು ಬೇಕು. ಆದರೆ ಕಾರನ್ನು ಒಪ್ಪಬೇಕಾದವರು ಮನೆಯ ಹಿರಿಯಜ್ಜಿ. ಹಿಂದೊಮ್ಮೆ ಯಾವುದೋ ಕಾರಿನ ಬಾಗಿಲಿಗೆ ತಾಗಿ ಮೊದಲ ಮೊಮ್ಮಗಳ ಧಾರೆ ಸೀರೆಯ ಅಂಚು ಕಪ್ಪಾಗಿತ್ತಂತೆ. ಅಂದಿನಿಂದ ಅಜ್ಜಿ ತಾವೇ ಬಂದು ನೋಡಿ, ಕೈಯಾರೆ ವೀಳ್ಯ ಕೊಟ್ಟರೇ ಕಾರು ಗೊತ್ತಾದಂತೆ. ಅವರು ಒಪ್ಪಿದರೆ ಆ ಬೀದಿಯ ಮದುವೆಗಳೆಲ್ಲ ನಮಗೆ. ಒಪ್ಪದಿದ್ದರೆ ಕಾರು ಮಾರಿ ಮತ್ತೆ ಬೇರೆಯವರ ಲಾರಿ ಹತ್ತುವುದೇ. ನಿಮ್ಮಜ್ಜ ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಮದುವೆಯ ಹಿಂದಿನ ದಿನ ದೀಪ ಹಚ್ಚುವ ಮೊದಲು ಅಜ್ಜಿ ಬರುವವರಿದ್ದರು. ಆ ಬೆಳಗ್ಗೆಯೇ ನಿಮ್ಮಜ್ಜ ಮಲೆಬೆನ್ನೂರಿನ ಬಾಡಿಗೆ ಮುಗಿಸಿ, ಬಾಗಿಲವರೆಗೂ ಎರೆಮಣ್ಣು ಹೊತ್ತು ಬಂದರು. ಮಧ್ಯಾಹ್ನದೊಳಗೆ ಮಣ್ಣೆಲ್ಲ ಬಿಡಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಈ ಕಥೆ ಬರೆಯಬೇಕಿರಲಿಲ್ಲ. ನನಗೆ ಇನ್ನೂ ಚೆನ್ನಾಗಿ ಮಾಡುವ ಆಸೆ. ಸಾಬೂನು ಹಾಕಿದರೆ ಬಣ್ಣ ಮಂಕಾಗುತ್ತದೆಂದು ನಿಮ್ಮಜ್ಜ ಯಾವಾಗಲೂ ಹೇಳುತ್ತಿದ್ದರು. ಕೂದಲಿಗೆ ಒಳ್ಳೆಯದಾದದ್ದು ಬಣ್ಣಕ್ಕೆ ಕೆಟ್ಟದ್ದು ಮಾಡೀತೇ ಎಂದು ಯೋಚಿಸಿ, ಸೀಗೆಪುಡಿ ಕಲಸಿ, ಹಳೆಯ ಪಂಚೆಯಲ್ಲಿ ಸೋಸಿ ಬಕೆಟ್ಟಿಗೆ ಹಾಕಿದೆ. ನಿಮ್ಮಜ್ಜ ತುಳಿದರು. ನೊರೆ ಬಂತು. ಕಾರಿನ ತಲೆ, ಬೆನ್ನು, ಹೆಗಲಿಗೆಲ್ಲ ಹೊಡೆದೆ. ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಮನಸ್ಸಿನಲ್ಲೇ ದೃಷ್ಟಿ ತೆಗೆದೆ.

ಇದ್ದಕ್ಕಿದ್ದಂತೆ ನೀರು ನಿಂತಿತು. ಪಂಚೆಯಿಂದ ತಪ್ಪಿಸಿಕೊಂಡ ಪುಡಿ ಮೂತಿಯಲ್ಲಿ ಸಿಕ್ಕಿಕೊಂಡಿತ್ತು. ನಿಲ್ಲಿಸಲು ಬಂಪರ್ ತಟ್ಟುವುದನ್ನು ಮರೆತು ನಾನು ಮೂತಿ ನೋಡುತ್ತ ನಿಂತೆ. ಅವರು ತುಳಿಯುತ್ತಲೇ ಇದ್ದರು. ಪೈಪು ಇಲಿ ನುಂಗಿದ ಹಾವಿನ ಹಾಗೆ ಉಬ್ಬಿತು. ಪಂಪಿನ ಬುಡದಲ್ಲಿ ಅದು ಕಿತ್ತುಕೊಂಡಿತು, ಒಳಗಿದ್ದ ಸೀಗೆನೀರೆಲ್ಲ ನಿಮ್ಮಜ್ಜನ ತಲೆಯಿಂದ ಪಾದದವರೆಗೆ ಬಿತ್ತು. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಕಾರಿಗೆ ಎರಿ ಅಂದ್ರೆ ನನಗ್ಯಾಕ ಎರದಿ?"

ನಗು ಬಂತು, ಬಂದಷ್ಟೇ ಬೇಗ ಹೋಯಿತು. ಮೋಡ ಸರಿದು ಸುಡುಬಿಸಿಲು ಬಿದ್ದಿತ್ತು. ನೊರೆ ಒಣಗಿ ಬಿಳಿ ಕಾರಿನ ಮೇಲೆಲ್ಲ ಕಂದು ಪಟ್ಟೆ ಮೂಡುತ್ತಿತ್ತು. ಡ್ರಮ್ಮಿನಲ್ಲಿ ನೀರು ಮುಗಿದಿತ್ತು. ನಲ್ಲಿ ಬರುವುದು ಮರುದಿನ ನಸುಕಿಗೆ. ಹಿಂದಿನ ಜಾಗವೆಲ್ಲ ಕೆಸರಾಗಿ, ಅಲ್ಲಿಯೇ ತೊಳೆದರೆ ಚಕ್ರಕ್ಕೆ ಮಣ್ಣು ಮತ್ತೆ ಮೆತ್ತಿಕೊಳ್ಳುತ್ತಿತ್ತು. ಕಾರನ್ನು ಮುಂದಿನ ಓಣಿಗೆ, ಕಲ್ಲು ಹಾಸಿನ ಮೇಲೆ ತರಬೇಕಾಗಿತ್ತು.

"ಓಣ್ಯಾಗಾ?" ಎಂದರು ನಿಮ್ಮಜ್ಜ. "ಎಲ್ಲರ ಮುಂದಾ?"

"ಹೂಂ. ಅಲ್ಲೇ ತರ್ರಿ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ನೆರೆಮನೆಯ ಗಂಗಮ್ಮನ ಬಾಗಿಲಿಗೆ ಹೋದೆ. ಒಂದು ಹಿಡಿ ಉಪ್ಪನ್ನೂ ಕೇಳಲು ಹಿಂಜರಿಯುತ್ತಿದ್ದವಳು, ಇದ್ದಷ್ಟು ನೀರು ಕೊಡಿ ಎಂದೆ. ಗಂಗಮ್ಮ ಹೊರಗೆ ಬಂದು ಕಾರನ್ನೂ ನಿಮ್ಮಜ್ಜನ ಅವತಾರವನ್ನೂ ನೋಡಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕಾರಿಗೂ ಎಣ್ಣೆ ಹಚ್ಚಿ ಎರಿತೀಯೇನೇ ತಂಗಿ? ಸಾಂಬ್ರಾಣಿ ಹೊಗಿ ಹಾಕೋದೊಂದು ಬಾಕಿ ಐತೆ ನೋಡು."

ಹಾಗೆ ಹೇಳುತ್ತಲೇ ಒಳಗೆ ಹೋಗಿ ಕೊಡ ತಂದಳು. ಸಂಜೆ ಅಕ್ಕಿ ತೊಳೆಯಲು ಒಂದು ಚೊಂಬು ನೀರು ಮಾತ್ರ ಉಳಿಸಿಕೊಂಡಿದ್ದೇನೆ ಎಂದು ಎರಡು ಸಲ ಹೇಳಿದಳು. ಅವಳನ್ನು ನೋಡಿ ಎದುರು ಮನೆಯವರು, ಅವರನ್ನು ನೋಡಿ ಮೂಲೆ ಮನೆಯವರು ಕೊಡ ಹೊತ್ತು ತಂದರು. ನೀರು ಕೊಟ್ಟವರು ನೋಡಲು ನಿಂತರು, ನೀರಿಲ್ಲದವರು ಬುದ್ಧಿ ಹೇಳಲು ನಿಂತರು.

ನಾನು ಮೂತಿ ಬಿಚ್ಚಿ ಪೊರಕೆ ಕಡ್ಡಿಯಿಂದ ಚುಚ್ಚಿದೆ. ಪುಡಿ ಬರಲಿಲ್ಲ. ವಿಷ ಕಾಣದ ಪಂಪು ನಮ್ಮದು, ಹಾಗಾಗಿ ಧೈರ್ಯವಾಗಿ ಬಾಯಿಗಿಟ್ಟು ಊದಿದೆ. ಪುಡಿ ಹಾರಿತು. ಕಿತ್ತ ಪೈಪನ್ನು ನಿಮ್ಮಜ್ಜ ಪಂಪಿಗೆ ಮತ್ತೆ ಸಿಕ್ಕಿಸಿ ತಂತಿ ಸುತ್ತಿದರು. ನಾನು ಸೆರಗು ಬಿಗಿದು ಕೋಲು ಹಿಡಿದೆ. ಓಣಿಯೆಲ್ಲ ನೋಡುತ್ತಿರುವಾಗ ಬಂಪರಿಗೆ ಒಂದು ಸಲ ತಟ್ಟಿದೆ. ನಿಮ್ಮಜ್ಜ ತುಳಿದರು. ನೀರು ಹಾರಿತು. ಕಂದು ಪಟ್ಟೆಗಳು ಕರಗಿ ಇಳಿದವು. ಅಷ್ಟು ಜನರ ಕಣ್ಣು ನನ್ನ ಮೇಲಿದ್ದರೂ ಆ ಹೊತ್ತಿನಲ್ಲಿ ನನಗೆ ನಾಚಿಕೆ ನೆನಪಾಗಲೇ ಇಲ್ಲ. ನೆನಪಾದದ್ದು ಟಾಂಗಾದ ಗಂಟೆ ಕೇಳಿಸಿದ ಮೇಲೆ. ಕೋಲನ್ನು ಗೋಡೆಗೊರಗಿಸಿ ಒಳಗೆ ಓಡಿ ಬಾಗಿಲ ಹಿಂದೆ ನಿಂತೆ.

ಸಂದಿಯಿಂದ ಕಾಣುತ್ತಿತ್ತು. ಅಜ್ಜಿ ವ್ಯಾಪಾರಿ ಮಗನ ಕೈ ಹಿಡಿದು ಟಾಂಗಾದಿಂದ ಇಳಿದರು. ಯಾರನ್ನೂ ಮಾತಾಡಿಸದೆ ಸೊಂಟದಿಂದ ಬಿಳಿ ವಸ್ತ್ರ ತೆಗೆದು, ಕಾರಿನ ಬಾಗಿಲು ತೆರೆದು, ಕಾಲಿಡುವ ಜಾಗವನ್ನು ಒರೆಸಿದರು. ವಸ್ತ್ರ ನೋಡಿದರು. ಬಾಗಿಲಿನ ಕೆಳಗಿನ ಅಂಚು ಒರೆಸಿ ಮತ್ತೆ ನೋಡಿದರು. ಆಮೇಲೆ ಬಗ್ಗಿ ಮಡ್‌ಗಾರ್ಡಿನ ಒಳಗೇ ಕೈ ಹಾಕಿದರು. ವಸ್ತ್ರ ಹೊರಗೆ ಬಂದಾಗ ಬಿಳಿಯಾಗೇ ಇತ್ತು, ಸ್ವಲ್ಪ ಒದ್ದೆ, ಅಷ್ಟೆ.

ಮಗ ತಲೆದೂಗಿ, ಯಾವ ಸ್ಟೇಷನ್‌ನಲ್ಲಿ ತೊಳೆಸುತ್ತೀರಿ ಎಂದು ಕೇಳಿದರು. ನಿಮ್ಮಜ್ಜ ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜಿ ವಸ್ತ್ರವನ್ನು ಮೂಗಿಗೆ ಹಿಡಿದರು.

"ಇದರಾಗೆ ಸೀಗೇಕಾಯಿ ವಾಸ್ನಿ ಐತಲ್ಲ. ಯಾವ ಸ್ಟೇಷನ್ನಿನೋರು ಸೀಗೇಕಾಯಿ ಹಾಕ್ತಾರಪ್ಪಾ?"

ಖಾಲಿ ಕೊಡ ಹಿಡಿದು ನಿಂತ ಗಂಗಮ್ಮ ಬೇಕೆಂದೇ ಕೆಮ್ಮಿದಳು. ನಾನು ಬಾಗಿಲ ಹಿಂದೆ ಕಣ್ಣು ಮುಚ್ಚಿಕೊಂಡೆ. ಏನಾದರೊಂದು ಸುಳ್ಳು ಹೇಳಿಬಿಡಲಿ, ಬಾಡಿಗೆ ಸಿಕ್ಕರೆ ಸಾಕು ಎನಿಸಿತು. ಹಾಗೆ ಹೇಳಿದರೆ ಈ ಕೋಲನ್ನು ಇನ್ನೆಂದೂ ಮುಟ್ಟುವುದಿಲ್ಲ ಎಂದೂ ಎನಿಸಿತು. ಆಗ ನಿಮ್ಮಜ್ಜನ ದನಿ ಕೇಳಿಸಿತು.

"ಸ್ಟೇಷನ್ ಅಲ್ಲ್ರೀ ಅವ್ವಾರೆ. ನಮ್ಮನೆಯಾಕಿ ತೊಳದಾಳೆ. ಪಂಪು ಆರಿಸಿ ತಂದಾಕಿನೂ ಆಕಿನೇ. ನಂದು ಬರೇ ಕಾಲು."

ಅಜ್ಜಿ ನಗಲಿಲ್ಲ. ಆಕೆಯನ್ನು ಕರೆ ಎಂದರು. ಒದ್ದೆ ಸೀರೆಯಲ್ಲೇ ಹೊರಗೆ ಬಂದೆ. ತಲೆ ಎತ್ತಬೇಕೋ ಬೇಡವೋ ತಿಳಿಯದೆ ಅವರ ಪಾದ ನೋಡುತ್ತಿದ್ದೆ. ಮಗ ವೀಳ್ಯದ ತಟ್ಟೆಯನ್ನು ನಿಮ್ಮಜ್ಜನ ಕಡೆ ಚಾಚಿದ್ದರು. ಅಜ್ಜಿ ಅದನ್ನು ಇಸಿದುಕೊಂಡು ನನ್ನ ಕಡೆ ತಿರುಗಿದರು.

"ಕೈ ಒಡ್ಡವ್ವಾ. ಕಾರು ಗೊತ್ತು ಮಾಡಿದ್ದು ನಿನ್ನ ಹತ್ರ. ನಸುಕಿಗೆ ಒಂದ್ಸಲ ಬೂದಿ ಒರಸಿ ಕಳಿಸು."

ಎಲೆ, ಅಡಿಕೆ, ಬಾಳೆಹಣ್ಣು ನನ್ನ ಒದ್ದೆ ಕೈಗೆ ಬಂದವು. ಬಾಗಿ ನಮಸ್ಕಾರ ಮಾಡಿದೆ. ಎದ್ದಾಗ ತಲೆ ತಾನೇ ಮೇಲೆದ್ದಿತ್ತು. ಗಂಡಸರು, ಹೆಂಗಸರು, ಟಾಂಗಾದವನು, ಎಲ್ಲರ ಮುಖವನ್ನೂ ಒಂದು ಸಲ ನೋಡಿದೆ. ಅಲ್ಲಿಯವರೆಗೆ ಆ ಓಣಿಯ ಎಷ್ಟೋ ಮುಖಗಳನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಆ ಮದುವೆಯ ಹಿಂದೆ ಇನ್ನೆಷ್ಟೋ ಮದುವೆಗಳು ಬಂದವು. ಕಾರು ಉಳಿಯಿತು. ಅದರಿಂದಲೇ ನಿಮ್ಮಪ್ಪನ ಓದು, ನೀವೀಗ ಕೂತಿರುವ ಈ ಮನೆಯ ಜಾಗ. ಸ್ಟ್ಯಾಂಡಿನಲ್ಲಿ ಯಾವ ಸ್ಟೇಷನ್ ಎಂದು ಮತ್ತೆ ಕೇಳಿದವರಿಗೆ ನಿಮ್ಮಜ್ಜ ನಮ್ಮ ಓಣಿಯ ದಾರಿ ಹೇಳುತ್ತಿದ್ದರಂತೆ. ಕಾರು ತೊಳೆಯುವುದು ಅಂದಿನಿಂದ ಮುಂಬಾಗಿಲಲ್ಲೇ, ಹಗಲಲ್ಲೇ.

ಬೀರುವಿನಲ್ಲಿ ಆ ಮದುವೆಯವರು ಕೊಟ್ಟ ಒಂದು ಫೋಟೋ ಇದೆ. ಮಲ್ಲಿಗೆ ಮಾಲೆ ಹಾಕಿದ ಬಿಳಿ ಕಾರು, ಒಳಗೆ ಮದುಮಗಳು, ಬಾಗಿಲ ಮೇಲೆ ಕೈಯಿಟ್ಟು ನಿಂತ ನಿಮ್ಮಜ್ಜ. ಅದರಲ್ಲಿ ನಾನಿಲ್ಲ. ಬೂದಿ ಒರೆಸಿ ಕಳಿಸಿ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅದಕ್ಕೆ ನನಗೆ ಬೇಸರವಿಲ್ಲ, ಆ ಹೊಳಪು ಫೋಟೋದಲ್ಲಿ ಚೆನ್ನಾಗಿಯೇ ಬಂದಿದೆ. ನೀವು ಮಾತ್ರ ಈ ಹಾಳೆಗಳನ್ನು ಆ ಫೋಟೋದ ಜೊತೆಗೇ, ನೀರು ತಾಗದ ಮೇಲಿನ ಅರೆಯಲ್ಲಿ ಜೋಪಾನವಾಗಿ ಇಡಿ. ನೋಡಿದವರೆಲ್ಲ ಕಾರು ಯಾರದೆಂದು ಕೇಳುತ್ತಾರೆ, ಹೇಳಿ. ತೊಳೆದವರು ಯಾರೆಂದು ಯಾರಾದರೂ ಕೇಳಿದರೆ, ಇದನ್ನು ಓದಲು ಕೊಡಿ.